ಮಿನಿವ್ಯಾನಿನ ದೂರು ರಿಕಾಲ್ ಆಗುವ ಬಗೆ

ಓಹಾಯೋದಲ್ಲಿದ್ದಾಗ ನಮ್ಮಲ್ಲೊಂದು ಸೆಕೆಂಡ್ ಹ್ಯಾಂಡ್ ಮಿನಿವ್ಯಾನ್ ಇತ್ತು. ಏಳು ಸೀಟು, ಎರಡೂ ಕಡೆ ಜಾರುವ ಬಾಗಿಲು. ಊರಿಂದ ಅಪ್ಪ ಅಮ್ಮ ಬರುತ್ತಾರೆ ಅಂತ ಗೊತ್ತಾದ ಮೇಲೆ ಹುಡುಕಿ ಕೊಂಡಿದ್ದು. ಒಂದು ಜನವರಿಯ ಬೆಳಿಗ್ಗೆ ಅಮ್ಮ ಡಿಕ್ಕಿಯಿಂದ ತರಕಾರಿ ಚೀಲ ಎತ್ತಿಕೊಳ್ಳುತ್ತಿದ್ದಳು. ಮೇಲೆತ್ತಿ ನಿಲ್ಲಿಸಿದ್ದ ಹಿಂಬಾಗಿಲು ಸದ್ದಿಲ್ಲದೆ ಇಳಿದು ಅವಳ ಬಲ ಹೆಗಲಿಗೆ ಬಡಿಯಿತು. ಮೂಳೆಗೇನೂ ಆಗಲಿಲ್ಲ. ಆದರೆ ಕೈ ಮೇಲೆತ್ತಲು ಆಗದೆ ಎರಡು ವಾರ ನನ್ನ ಹೆಂಡತಿಯ ಕೈಲಿ ಜಡೆ ಹಾಕಿಸಿಕೊಂಡಳು.

ಬಾಗಿಲು ಬಿದ್ದ ಕಾರಣ ಸರಳವಾದದ್ದು. ಮಿನಿವ್ಯಾನಿನ ಹಿಂಬಾಗಿಲು ಅಗಲ, ಭಾರವೂ ಹೆಚ್ಚು. ಅದನ್ನು ಎತ್ತಿ ಹಿಡಿಯಲು ಎಡಕ್ಕೊಂದು ಬಲಕ್ಕೊಂದು ಗ್ಯಾಸ್ ಸ್ಟ್ರಟ್ ಇರುತ್ತದೆ. ಕೊಳವೆಯ ಒಳಗೆ ಒತ್ತಿ ತುಂಬಿದ ನೈಟ್ರೋಜನ್, ಅದು ಹೊರಗೆ ಹೋಗದಂತೆ ಒಂದು ಸೀಲ್. ಸೀಲ್ ಸವೆದು ಅನಿಲ ಸೋರತೊಡಗಿದರೆ ಸ್ಟ್ರಟ್‌ನ ಕಸುವು ಇಳಿಯುತ್ತದೆ. ಚಳಿಯಲ್ಲಿ ಒಳಗಿನ ಒತ್ತಡ ಇನ್ನಷ್ಟು ಕುಗ್ಗುತ್ತದೆ. ಬೇಸಿಗೆಯಲ್ಲಿ ಹೇಗೋ ನಿಂತ ಬಾಗಿಲು ಜನವರಿಯಲ್ಲಿ ಕೆಳಗಿಳಿಯುವುದು ಅದಕ್ಕೇ. ಗ್ಯಾರೇಜಿನವನು ಹಳೇ ಗಾಡಿ, ಮೇಲೆ ಈ ಚಳಿ, ಇದೆಲ್ಲ ಇದ್ದದ್ದೇ ಅಂದ. ಎರಡೂ ಸ್ಟ್ರಟ್ ಬದಲಿಸಿ ದುಡ್ಡು ತೆಗೆದುಕೊಂಡ. ನಾನೂ ಕೊಟ್ಟು ಬಂದು ಮರೆತುಬಿಟ್ಟೆ.

ಮರೆತದ್ದು ತಪ್ಪು ಅಂತ ಬಹಳ ದಿನಗಳ ಮೇಲೆ ಅರ್ಥವಾಯಿತು. ಅದೇ ಮಾದರಿಯ ಗಾಡಿ ಇಟ್ಟುಕೊಂಡ ಇನ್ನೆಷ್ಟು ಮನೆಗಳಲ್ಲಿ ಆ ಬಾಗಿಲು ಯಾರ ತಲೆ ಮೇಲೆ ಇಳಿದಿತ್ತೋ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗುವ ದಾರಿ ಇರಲಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಗ್ಯಾರೇಜಿನಲ್ಲಿ ಬಿಲ್ ಕಟ್ಟಿ ಸುಮ್ಮನಾದರೆ ಅವೆಲ್ಲ ಬಿಡಿ ಬಿಡಿ ರಿಪೇರಿಗಳಾಗಿ ಕಳೆದುಹೋಗುತ್ತವೆ. ಒಂದೇ ಕಡೆ ಬರೆಸಿದಾಗ ಮಾತ್ರ ಇದು ಒಬ್ಬರ ದುರದೃಷ್ಟವೋ, ಗಾಡಿಯ ದೋಷವೋ ಎಂದು ತಿಳಿಯುತ್ತದೆ. ಅಮೆರಿಕದಲ್ಲಿ ಆ ‘ಒಂದು ಕಡೆ’ ಯಾವುದು, ಅಲ್ಲಿಗೆ ಹೋದ ದೂರು ಏನಾಗುತ್ತದೆ ಎಂಬುದನ್ನು ಮಿನಿವ್ಯಾನ್ ಇಟ್ಟುಕೊಂಡ ಪ್ರತಿ ಮನೆಯವರೂ ತಿಳಿದಿರಬೇಕು. ಮಕ್ಕಳು ಅಲ್ಲಿದ್ದು, ಆರು ತಿಂಗಳು ಹೋಗಿ ಇದ್ದು ಬರುವ ತಂದೆತಾಯಿಗಳೂ ತಿಳಿದಿದ್ದರೆ ಒಳ್ಳೆಯದು. ಗಾಡಿಯ ಎರಡನೇ ಸಾಲಿನಲ್ಲಿ, ಜಾರುಬಾಗಿಲಿನ ಪಕ್ಕದಲ್ಲಿ ಕೂರುವವರು ಅವರೇ ತಾನೆ.

1983ರ ನವೆಂಬರಿನಲ್ಲಿ ಕ್ರೈಸ್ಲರ್ ಕಂಪನಿಯ ಡಾಡ್ಜ್ ಕ್ಯಾರವಾನ್, ಪ್ಲಿಮತ್ ವಾಯೇಜರ್ ಗಾಡಿಗಳು ತಯಾರಾಗಿ ಹೊರಬಿದ್ದವು. ಕಾರಿನ ಹಾಗೆ ಮುಂದಿನ ಚಕ್ರಗಳ ಎಳೆತದಲ್ಲಿ ಓಡುವ, ನೆಲ ತಗ್ಗಾಗಿರುವ, ಮನೆಯ ಗ್ಯಾರೇಜಿನೊಳಗೆ ಹಿಡಿಸುವ ವ್ಯಾನ್ ಅದು. ಮಂಡಿ ನೋವಿನ ಅಜ್ಜಿ ಹತ್ತಬಹುದು, ಮಗುವಿನ ಕಾರ್ ಸೀಟು ಬಿಗಿಯಬಹುದು, ಹಿಂದಿನ ಸೀಟು ತೆಗೆದರೆ ಸೋಫಾ ಸಾಗಿಸಬಹುದು. ಅಲ್ಲಿನ ಕನ್ನಡದ ಮನೆಗಳಲ್ಲಿ ಎರಡನೇ ಮಗು ಹುಟ್ಟಿತು ಅಂದರೆ ಹೋಂಡಾ ಒಡಿಸ್ಸಿಯೋ ಟೊಯೊಟಾ ಸಿಯೆನ್ನಾವೋ ಎಂಬ ಚರ್ಚೆ ಶುರುವಾಗುವುದು ಇದೇ ಕಾರಣಕ್ಕೆ. ದೂರುಗಳೂ ಬಹುಪಾಲು ಈ ಸವಲತ್ತುಗಳಿರುವ ಜಾಗದಿಂದಲೇ ಏಳುತ್ತವೆ: ಜಾರುವ ಬಾಗಿಲು, ಕಳಚಿ ತೆಗೆಯುವ ಸೀಟು, ದೊಡ್ಡ ಹಿಂಬಾಗಿಲು, ಏಳೆಂಟು ಜನರ ಭಾರ ಹೊರುವ ಗೇರ್‌ಬಾಕ್ಸು.

ಮೊದಲು ಜಾರುಬಾಗಿಲು. ಗುಂಡಿ ಒತ್ತಿದರೆ ಚಿಲಕ ಬಿಡಬೇಕು, ಬಾಗಿಲು ಹಿಂದಕ್ಕೆ ಜಾರಬೇಕು. ಇದಕ್ಕೆಲ್ಲ ವಿದ್ಯುತ್ ಮೋಟಾರು. ತೆರೆಯುವ ಹೊತ್ತಿಗೆ ಏನಾದರೂ ಅಡ್ಡ ಬಂದರೆ, ಅಂಚಿನಲ್ಲಿ ಐಸ್ ಕಟ್ಟಿ ಬಾಗಿಲು ಅಂಟಿಕೊಂಡಿತ್ತು ಅನ್ನಿ, ಮೋಟಾರಿನ ಸರ್ಕ್ಯೂಟಿನ ಮೇಲೆ ಹೊರೆ ಬಿದ್ದು ಫ್ಯೂಸ್ ಹೋಗುತ್ತದೆ. ಫ್ಯೂಸ್ ಹೋಗುವುದು ಒಳ್ಳೆಯದಕ್ಕೇ, ತಂತಿ ಸುಡದಿರಲಿ ಅಂತ. ಆದರೆ ಚಿಲಕ ಬಿಟ್ಟುಕೊಂಡ ಗಳಿಗೆಯಲ್ಲೇ ಫ್ಯೂಸ್ ಹೋದರೆ ಚಿಲಕವನ್ನು ಮತ್ತೆ ಕೂರಿಸಲು ವಿದ್ಯುತ್ತೇ ಇಲ್ಲ. ಬಾಗಿಲು ಮುಚ್ಚಿದಂತೆ ಕಾಣುತ್ತದೆ, ಹಿಡಿತ ಇಲ್ಲ. ಗಾಡಿ ಓಡುವಾಗ ತೆರೆದುಕೊಳ್ಳಬಹುದು. 2016ರ ನವೆಂಬರಿನಲ್ಲಿ ಟೊಯೊಟಾ ಅಮೆರಿಕದಲ್ಲಿ 2011ರಿಂದ 2016ರವರೆಗಿನ ಸುಮಾರು 7.44 ಲಕ್ಷ ಸಿಯೆನ್ನಾಗಳನ್ನು ರಿಪೇರಿಗೆಂದು ವಾಪಸ್ ಕರೆದದ್ದು, ಅಂದರೆ ರಿಕಾಲ್ ಮಾಡಿದ್ದು, ಈ ಒಂದು ಕಾರಣಕ್ಕೆ. ಯಾವ ಭಾಗವೂ ಮುರಿದಿರಲಿಲ್ಲ ಎಂಬುದನ್ನು ಗಮನಿಸಿ. ಎರಡು ಸಣ್ಣ ಸಂಗತಿಗಳು ಒಂದೇ ಕ್ಷಣದಲ್ಲಿ ಕೂಡಿಬಂದರೆ ಮಾತ್ರ ಅಪಾಯ. ಇಂಥದ್ದನ್ನು ಕಾರ್ಖಾನೆಯ ಪರೀಕ್ಷೆಗಿಂತ ಐಸ್ ಬಿದ್ದ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡುವ ತಾಯಿ ಮೊದಲು ಕಾಣುತ್ತಾಳೆ. ಅವಳು ಬರೆದು ತಿಳಿಸದೆ ಅದು ಹೊರಬರುವುದು ತಡ.

ಒಡಿಸ್ಸಿಯ ಸೀಟಿನ ಕತೆಯೂ ಹತ್ತಿರ ಹತ್ತಿರ ಹೀಗೆಯೇ. ಎರಡನೇ ಸಾಲಿನ ಅಂಚಿನ ಸೀಟುಗಳನ್ನು ಪಕ್ಕಕ್ಕೆ ಸರಿಸಬಹುದು, ಪೂರ್ತಿ ತೆಗೆದೂ ಹಾಕಬಹುದು. ಮತ್ತೆ ಕೂರಿಸುವಾಗ ಕೊಂಡಿ ಸರಿಯಾಗಿ ಸಿಕ್ಕಿಕೊಳ್ಳದಿದ್ದರೆ ಬ್ರೇಕ್ ಹೊಡೆದಾಗ ಸೀಟು ಕೂತವರ ಸಮೇತ ಮುಂದಕ್ಕೆ ಮಗುಚುತ್ತದೆ. 2017ರಲ್ಲಿ ಹೋಂಡಾ ಸುಮಾರು 8 ಲಕ್ಷ ಗಾಡಿಗಳನ್ನು ಕರೆಸಿಕೊಂಡಿತು. ಅಷ್ಟು ಹೊತ್ತಿಗೆ 46 ಸಣ್ಣಪುಟ್ಟ ಗಾಯಗಳ ವರದಿ ಬಂದಿತ್ತು. ಸೀಟನ್ನು ಸರಿಯಾಗಿ ಕೂರಿಸದ್ದು ಮಾಲೀಕರದೇ ತಪ್ಪಲ್ಲವೇ ಎಂದು ಕೆಲವರು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಕೂತಿದೆಯೋ ಇಲ್ಲವೋ ಎಂದು ಮನೆಯವರಿಗೆ ಸ್ಪಷ್ಟವಾಗಿ ಗೊತ್ತಾಗದ ಕೊಂಡಿಯನ್ನು ಕೊಟ್ಟಿದ್ದರೆ ದೋಷ ಕೊಂಡಿಯದೇ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಫೋರ್ಡ್ ವಿಂಡ್‌ಸ್ಟಾರ್. ಚಳಿಗಾಲದಲ್ಲಿ ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪುನೀರು ಚಕ್ರದಿಂದ ಚಿಮ್ಮಿ ಗಾಡಿಯ ಹೊಟ್ಟೆಯಡಿ ಸೇರುತ್ತದೆ. ವಿಂಡ್‌ಸ್ಟಾರ್‌ನ ಹಿಂದಿನ ಆಕ್ಸಲ್ ಎರಡೂ ಚಕ್ರಗಳನ್ನು ಜೋಡಿಸುವ, ಒಳಗೆ ಟೊಳ್ಳಿರುವ ಉಕ್ಕಿನ ತೊಲೆ. ಆ ಟೊಳ್ಳಿನಲ್ಲಿ ಉಪ್ಪುನೀರು ನಿಂತು ಲೋಹವನ್ನು ಒಳಗಿನಿಂದಲೇ ತಿನ್ನತೊಡಗಿತು. ಹೊರಗಿನಿಂದ ನೋಡಿದರೆ ಎಲ್ಲ ಹಳೇ ಗಾಡಿಗಳಲ್ಲೂ ಇರುವಷ್ಟೇ ತುಕ್ಕು. ಒಳಗೆ ಬಿರುಕು ಹುಟ್ಟಿ, ಪ್ರತಿ ಹಳ್ಳ ದಿಣ್ಣೆಗೂ ತುಸು ತುಸು ಬೆಳೆದು, ಒಂದು ದಿನ ಆಕ್ಸಲ್ ಎರಡು ತುಂಡು. ಓಡುವ ಗಾಡಿಯ ಹಿಂಭಾಗ ಹಿಡಿತ ಕಳೆದುಕೊಂಡು ಎತ್ತಲೋ ಎಳೆಯುತ್ತದೆ. ಮಾಲೀಕರಿಂದ ಇನ್ನೂರಕ್ಕೂ ಹೆಚ್ಚು ದೂರು ಬಂದ ಮೇಲೆ 2010ರ ಮೇ ತಿಂಗಳಲ್ಲಿ ಸರಕಾರ ತನಿಖೆ ತೆರೆಯಿತು. ಆಗಸ್ಟಿನಲ್ಲಿ ಫೋರ್ಡ್ 1998ರಿಂದ 2003ರವರೆಗಿನ ಮಾದರಿಗಳಲ್ಲಿ, ಉಪ್ಪು ಸುರಿಯುವ ರಾಜ್ಯಗಳೂ ಕೆನಡಾವೂ ಸೇರಿ, ಸುಮಾರು 5.75 ಲಕ್ಷ ಗಾಡಿಗಳನ್ನು ವಾಪಸ್ ಕರೆಯಿತು. ಆ ಮಾದರಿಗಳಲ್ಲಿ ಮೊದಲಿನವು ಮಾರುಕಟ್ಟೆಗೆ ಬಂದು ಸುಮಾರು ಹನ್ನೆರಡು ವರ್ಷವಾಗಿತ್ತು. ಅಷ್ಟರಲ್ಲಿ ಬಹುಪಾಲು ಗಾಡಿಗಳು ಎರಡನೆಯ, ಮೂರನೆಯ ಕೈಗೆ ಹೋಗಿರುತ್ತವೆ. ಹೊಸ ಗಾಡಿ ಕೊಳ್ಳಲಾಗದ ಮನೆಗಳೇ ಅವನ್ನು ಓಡಿಸುತ್ತಿರುತ್ತವೆ.

ಇನ್ನಷ್ಟು ಹಿಂದಿನದು ಕ್ರೈಸ್ಲರ್‌ನ ಹಿಂಬಾಗಿಲ ಚಿಲಕ. ಡಿಕ್ಕಿ ಹೊಡೆದಾಗ ಚಿಲಕ ಬಿಟ್ಟು ಬಾಗಿಲು ತೆರೆದುಕೊಂಡು, ಒಳಗಿದ್ದವರು ಹೊರಗೆ ಎಸೆಯಲ್ಪಟ್ಟು ಸತ್ತ ಘಟನೆಗಳಿದ್ದವು. 1995ರಲ್ಲಿ ಕಂಪನಿ ಸುಮಾರು 40 ಲಕ್ಷ ಗಾಡಿಗಳ ಚಿಲಕ ಬದಲಿಸಲು ಒಪ್ಪಿತು, ಆದರೆ ಅದನ್ನು ರಿಕಾಲ್ ಎಂದು ಕರೆಯಲು ಒಪ್ಪಲಿಲ್ಲ.

ಎಲ್ಲ ತೊಂದರೆಯೂ ರಿಕಾಲ್‌ಗೆ ಬರುವುದಿಲ್ಲ. ಎಸಿ ತಣ್ಣಗೆ ಬೀಸುವುದಿಲ್ಲ, ಬಣ್ಣ ಸುಲಿಯುತ್ತದೆ, ಎಂಜಿನ್ ಆಯಿಲ್ ಕುಡಿಯುತ್ತದೆ ಎಂಬುದೆಲ್ಲ ನಿಮ್ಮ ಜೇಬಿಗೆ ಪೆಟ್ಟು ಕೊಡುವ ದೂರುಗಳು. ಅವಕ್ಕೆ ವಾರಂಟಿ, ಗ್ರಾಹಕ ಕಾನೂನು ಇವೆ. ಪ್ರಾಣಕ್ಕೆ ಕುತ್ತು ತರುವಂಥದ್ದು ಮಾತ್ರ ಸುರಕ್ಷತಾ ದೋಷ. ಗೇರ್‌ಬಾಕ್ಸ್ ಈ ಎರಡಕ್ಕೂ ನಡುವಿನ ಗೆರೆಯ ಮೇಲಿದೆ. ಗೇರ್ ಜಾರುತ್ತದೆ, ಎಳೆತ ಕಡಿಮೆ ಅಂದರೆ ಸವೆತ ಅಂತ ತಳ್ಳಿಹಾಕುತ್ತಾರೆ. ಅದೇ ಗೇರ್ ಹೈವೇಯಲ್ಲಿ ಮುರಿದು ಸಿಕ್ಕಿಹಾಕಿಕೊಂಡರೆ? 2004ರಲ್ಲಿ ಹೋಂಡಾ, ಒಡಿಸ್ಸಿಯೂ ಸೇರಿದಂತೆ ಸುಮಾರು 11 ಲಕ್ಷ ಗಾಡಿಗಳನ್ನು ಕರೆದದ್ದು ಎರಡನೇ ಗೇರಿಗೆ ಆಯಿಲ್ ಸಾಲದೆ ಕಾವು ಏರಿ, ಹಲ್ಲು ಮುರಿದು ಗೇರ್‌ಬಾಕ್ಸ್ ಬಿಗಿದುಕೊಳ್ಳುವ ಸಾಧ್ಯತೆ ಇದ್ದುದಕ್ಕೆ. ಎಂಜಿನ್ ನಿಲ್ಲುವುದೂ ಹಾಗೆಯೇ. ಮನೆ ಮುಂದೆ ನಿಂತರೆ ಕಿರಿಕಿರಿ, ಟ್ರಕ್ಕುಗಳ ನಡುವೆ ನಿಂತರೆ ಗಂಡಾಂತರ. 2017ರ ಕ್ರೈಸ್ಲರ್ ಪೆಸಿಫಿಕಾ ಓಡುತ್ತಿರುವಾಗಲೇ ಆಫ್ ಆಗುತ್ತದೆಂಬ ದೂರುಗಳನ್ನು ಒಟ್ಟುಮಾಡಿ, ಸೆಂಟರ್ ಫಾರ್ ಆಟೋ ಸೇಫ್ಟಿ ಎಂಬ ಗ್ರಾಹಕ ಸಂಸ್ಥೆ ಆ ವರ್ಷದ ಡಿಸೆಂಬರಿನಲ್ಲಿ ಸರಕಾರಕ್ಕೆ ಅರ್ಜಿ ಹಾಕಿತು. ಮರುತಿಂಗಳೇ ಸುಮಾರು ಒಂದೂವರೆ ಲಕ್ಷ ಗಾಡಿಗಳ ರಿಕಾಲ್. ತಪ್ಪಿದ್ದದ್ದು ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರಿನ ಸಾಫ್ಟ್‌ವೇರಿನಲ್ಲಿ.

ಅರ್ಜಿ ಹೋದ ಆ ಸರಕಾರಿ ಸಂಸ್ಥೆಯ ಹೆಸರು ನ್ಯಾಷನಲ್ ಹೈವೇ ಟ್ರಾಫಿಕ್ ಸೇಫ್ಟಿ ಅಡ್ಮಿನಿಸ್ಟ್ರೇಷನ್. ಅಲ್ಲಿನವರ ಬಾಯಲ್ಲಿ ‘ನಿಟ್ಸಾ’. ರಾಲ್ಫ್ ನೇಡರ್ ಕಾರು ಕಂಪನಿಗಳ ಅಸಡ್ಡೆಯ ಬಗ್ಗೆ 1965ರಲ್ಲಿ ಪುಸ್ತಕ ಬರೆದರು, ಮರುವರ್ಷ ವಾಹನ ಸುರಕ್ಷತೆಯ ಕಾನೂನು ಬಂತು. ಅದರ ಬೆನ್ನಿಗೇ ಬೆಳೆದ ಸಂಸ್ಥೆ ಇದು. ಅವರ ವೆಬ್‌ಸೈಟಿನಲ್ಲಿ ಅಥವಾ ಫೋನಿನಲ್ಲಿ ಯಾರು ಬೇಕಾದರೂ ದೂರು ಬರೆಸಬಹುದು, ಖರ್ಚಿಲ್ಲ. ನಿಮ್ಮ ಹೆಸರು ವಿಳಾಸ ತೆಗೆದು ದೂರನ್ನು ಎಲ್ಲರಿಗೂ ಕಾಣುವಂತೆ ಇಡುತ್ತಾರೆ. ದೋಷ ತನಿಖಾ ವಿಭಾಗದವರು ಅದನ್ನು ಓದುತ್ತಾರೆ. ಇಷ್ಟು ದೂರು ಬಂದರೆ ತನಿಖೆ ಎಂಬ ಗಟ್ಟಿ ಲೆಕ್ಕವಿಲ್ಲ. ಎಷ್ಟು ಗಾಡಿ ರಸ್ತೆಯಲ್ಲಿವೆ, ತೊಂದರೆ ಎಷ್ಟು ಅಪಾಯದ್ದು, ಒಂದೇ ಭಾಗ ಒಂದೇ ರೀತಿ ಕೆಡುತ್ತಿದೆಯೇ ಎಂದು ತೂಗಿ ನೋಡುತ್ತಾರೆ. ಅನುಮಾನ ಗಟ್ಟಿಯಾದರೆ ಪ್ರಾಥಮಿಕ ತನಿಖೆ, ಆಮೇಲೆ ಎಂಜಿನಿಯರಿಂಗ್ ವಿಶ್ಲೇಷಣೆ. ಈ ಹಂತಗಳಲ್ಲಿ ಕಂಪನಿಯಿಂದ ವಾರಂಟಿ ಲೆಕ್ಕ, ಬಿಡಿಭಾಗಗಳ ಮಾರಾಟ, ಅದಕ್ಕೆ ಬಂದ ದೂರು ಎಲ್ಲವನ್ನೂ ತರಿಸಿಕೊಳ್ಳುತ್ತಾರೆ. ಬಹಳಷ್ಟು ಸಲ ಆಜ್ಞೆ ಹೊರಡಿಸುವ ಮೊದಲೇ ಕಂಪನಿ ತಾನೇ ರಿಕಾಲ್ ಘೋಷಿಸುತ್ತದೆ. ಸುರಕ್ಷತಾ ದೋಷ ಇದೆಯೆಂದು ಕಂಪನಿಗೆ ಖಚಿತವಾದರೆ ಐದು ಕೆಲಸದ ದಿನಗಳೊಳಗೆ ನಿಟ್ಸಾಕ್ಕೆ ಹೇಳಬೇಕು, 60 ದಿನಗಳೊಳಗೆ ಮಾಲೀಕರಿಗೆ ಕಾಗದ ಹೋಗಬೇಕು. ಮಾರಾಟವಾಗಿ 15 ವರ್ಷ ದಾಟದ ಗಾಡಿಗೆ ರಿಪೇರಿ ಪುಕ್ಕಟೆ. ರಿಕಾಲ್ ಬರುವ ಮುಂಚೆ ಅದೇ ತೊಂದರೆಗೆ ಕೈಯಿಂದ ಕೊಟ್ಟ ದುಡ್ಡನ್ನೂ ಕೆಲವು ಷರತ್ತಿನ ಮೇಲೆ ವಾಪಸ್ ಕೊಡಬೇಕು. ಹಾಗಾಗಿ ಗ್ಯಾರೇಜಿನ ಬಿಲ್ಲು ಎಸೆಯಬೇಡಿ. ನಾನು ಎಸೆದಿದ್ದೆ.

ದೂರು ಬರೆಯುವುದರಲ್ಲಿ ಒಂದು ಹದವಿದೆ, ಇದಕ್ಕೆ ತುಸು ಹೊತ್ತು ಕೊಡಲೇಬೇಕು. ಸಿಟ್ಟಿನಲ್ಲಿ ಬರೆದದ್ದು ಹೀಗಿರುತ್ತದೆ: ‘ಬಾಗಿಲು ಸರಿಯಿಲ್ಲ. ಎರಡು ಸಲ ಡೀಲರ್ ಹತ್ತಿರ ಹೋದೆ. ಕಂಪನಿ ಮೋಸ ಮಾಡಿದೆ. ಇನ್ನೆಂದೂ ಈ ಗಾಡಿ ಕೊಳ್ಳುವುದಿಲ್ಲ.’ ಬರೆದವರ ನೋವು ನಿಜ, ಆದರೆ ತನಿಖೆಯವರಿಗೆ ಇದರಲ್ಲಿ ಹಿಡಿಯಲು ಏನೂ ಇಲ್ಲ. ಅದೇ ಮಾತನ್ನು ಹೀಗೆ ಬರೆಯಿರಿ: ‘ಜನವರಿ 14, ಬೆಳಿಗ್ಗೆ ಎಂಟು ಗಂಟೆ. ರಾತ್ರಿಯಿಡೀ ಹೊರಗೆ ನಿಂತಿದ್ದ ಗಾಡಿ, ಬಾಗಿಲಿನ ಅಂಚಿನಲ್ಲಿ ಐಸ್. 61 ಸಾವಿರ ಮೈಲಿ ಓಡಿದೆ. ಗುಂಡಿ ಒತ್ತಿದಾಗ ಬಲಬಾಗಿಲು ಅಲುಗಲಿಲ್ಲ, ಒಳಗೆ ಒಮ್ಮೆ ಟಕ್ ಎಂದಿತು. ಕೈಯಿಂದ ಒತ್ತಿ ಹೊರಟೆ. ಸುಮಾರು ಒಂದು ಮೈಲಿಯಾದ ಮೇಲೆ, ಗಂಟೆಗೆ 35 ಮೈಲಿ ವೇಗದಲ್ಲಿ ಎಡಕ್ಕೆ ತಿರುಗುವಾಗ ಬಾಗಿಲು ಒಂದು ಅಡಿ ತೆರೆದುಕೊಂಡಿತು. ಡ್ಯಾಶ್‌ಬೋರ್ಡಿನಲ್ಲಿ ಬಾಗಿಲಿನ ದೀಪ ಅದಕ್ಕೆ ಮುಂಚೆಯೇ ಉರಿಯುತ್ತಿತ್ತು. ಬಾಗಿಲ ಪಕ್ಕದಲ್ಲಿ ಆರು ವರ್ಷದ ಮಗು, ಬೆಲ್ಟ್ ಹಾಕಿತ್ತು. ಗಾಯವಿಲ್ಲ.’ ಇದನ್ನು ಓದಿದ ಎಂಜಿನಿಯರಿಗೆ ಐಸ್, ಟಕ್ ಸದ್ದು, ಉರಿಯುತ್ತಿದ್ದ ದೀಪ ಈ ಮೂರೇ ಸಾಕು, ಎಲ್ಲಿ ಹುಡುಕಬೇಕೆಂದು ತಿಳಿಯುತ್ತದೆ. ಇನ್ನೊಂದು ರಾಜ್ಯದ ಇನ್ನೊಬ್ಬರೂ ಇದೇ ಮೂರನ್ನು ಬರೆದಿದ್ದರೆ ಎರಡೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕಾರಣವನ್ನು ನೀವೇ ಊಹಿಸಿ ಹೇಳಬೇಕಾಗಿಲ್ಲ. ಕಂಡದ್ದು, ಕೇಳಿದ್ದು, ಮೂಗಿಗೆ ಬಡಿದ ವಾಸನೆ ಅಷ್ಟನ್ನೇ ಬರೆಯಿರಿ. ಕೆಟ್ಟ ಭಾಗವನ್ನು ಗ್ಯಾರೇಜಿನಿಂದ ಕೇಳಿ ತೆಗೆದಿಟ್ಟುಕೊಳ್ಳಿ, ಫೋಟೋ ತೆಗೆಯಿರಿ.

ಸರ್ವಿಸ್ ಸೆಂಟರಿನಲ್ಲಿ ‘ನಾವು ಓಡಿಸಿ ನೋಡಿದೆವು, ನಮಗೆ ಆ ತೊಂದರೆ ಕಾಣಲಿಲ್ಲ’ ಎನ್ನುವುದು ಎಲ್ಲರಿಗೂ ಅನುಭವದ ಮಾತು. ಬಾಯಿಮಾತಿಗೆ ಬಿಡದೆ, ನೀವು ಹೇಳಿದ ತೊಂದರೆಯನ್ನೂ ಅವರು ಕೊಟ್ಟ ಉತ್ತರವನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿ. ಡೀಲರ್ ಹತ್ತಿರ ದೂರಿದರೆ ಅದು ತಾನಾಗಿ ಸರಕಾರಕ್ಕೆ ಮುಟ್ಟುತ್ತದೆ ಎಂದುಕೊಂಡವರು ಬಹಳ ಜನ. ಹಾಗಾಗುವುದಿಲ್ಲ.

ದೂರುಗಳ ಪಟ್ಟಿ ಓದುವವರಿಗೂ ಒಂದು ಎಚ್ಚರಿಕೆ. ಹೆಚ್ಚು ಮಾರಾಟವಾದ ಗಾಡಿಗೆ ಹೆಚ್ಚು ದೂರು ಇದ್ದೇ ಇರುತ್ತದೆ. ದೂರಿನ ಒಟ್ಟು ಸಂಖ್ಯೆ ನೋಡಿ ಗಾಬರಿಯಾಗುವುದಕ್ಕಿಂತ, ಒಂದೇ ಭಾಗದ ಹೆಸರು ಮತ್ತೆ ಮತ್ತೆ ಬರುತ್ತಿದೆಯೇ ನೋಡಿ.

ರಿಕಾಲ್ ಆಯಿತು ಅನ್ನಿ, ಕಾಗದ ಬರುವುದು ನೋಂದಣಿಯಲ್ಲಿರುವ ವಿಳಾಸಕ್ಕೆ. ವೀಸಾದ ಮೇಲೆ ಹೋದ ನಮ್ಮ ಕುಟುಂಬಗಳು ಕೆಲಸ ಬದಲಾದಂತೆ ಟೆಕ್ಸಸ್‌ನಿಂದ ನ್ಯೂಜೆರ್ಸಿಗೆ, ಅಲ್ಲಿಂದ ಇನ್ನೆಲ್ಲಿಗೋ ಮನೆ ಬದಲಿಸುತ್ತಿರುತ್ತವೆ. ಊರಿಗೆ ಮರಳುವವರು ಗಾಡಿಯನ್ನು ಕನ್ನಡ ಕೂಟದಲ್ಲಿ ಪರಿಚಯವಾದವರಿಗೆ ಮಾರಿ ವಿಮಾನ ಹತ್ತುತ್ತಾರೆ. ಕಾಗದ ಹಳೇ ಅಪಾರ್ಟ್‌ಮೆಂಟಿನ ಪೆಟ್ಟಿಗೆಯಲ್ಲಿ ಉಳಿದುಬಿಡುತ್ತದೆ. ಅದನ್ನು ಕಾಯದೆ ವಿಐಎನ್, ಅಂದರೆ ಗಾಡಿಯ ಗುರುತಿನ ಸಂಖ್ಯೆ, ಹಾಕಿ ನೋಡಿ. ಡ್ರೈವರ್ ಬದಿಯಲ್ಲಿ ಮುಂಗಾಜಿನ ಕೆಳ ಮೂಲೆಯಲ್ಲಿ, ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ 17 ಅಕ್ಷರ ಅಂಕಿಗಳ ಸಾಲೊಂದಿರುತ್ತದೆ. ಒಂದು, ಸೊನ್ನೆಗಳ ಜೊತೆ ಗೊಂದಲವಾಗದಿರಲೆಂದು ಅದರಲ್ಲಿ ಐ, ಓ, ಕ್ಯೂ ಬಳಸುವುದಿಲ್ಲ. ಆ ಸಾಲನ್ನು ನಿಟ್ಸಾದ ವೆಬ್‌ಸೈಟಿನಲ್ಲಿ ಹಾಕಿದರೆ ನಿಮ್ಮದೇ ಗಾಡಿಗೆ ಮಾಡಿಸದೆ ಉಳಿದ ರಿಕಾಲ್ ಇದೆಯೇ ಎಂದು ತಿಳಿಯುತ್ತದೆ. ಬಾಕಿ ರಿಕಾಲ್ ಇರುವ ಹಳೇ ಗಾಡಿಯನ್ನು ಡೀಲರ್ ಮಾರುವುದನ್ನು ಅಲ್ಲಿನ ಕೇಂದ್ರದ ಕಾನೂನು ತಡೆಯುವುದಿಲ್ಲ. ಆದ್ದರಿಂದ ಕೊಳ್ಳುವ ಮುಂಚೆಯೇ ನೋಡಿಕೊಳ್ಳಬೇಕು. ರಿಕಾಲ್ ಕಾಗದದಲ್ಲಿ ‘ಹೊರಗೆ ನಿಲ್ಲಿಸಿ’ ಅಥವಾ ‘ಓಡಿಸಬೇಡಿ’ ಎಂದಿದ್ದರೆ ಅದನ್ನು ಅಕ್ಷರಶಃ ಪಾಲಿಸಿ. 2022ರಲ್ಲಿ ಪೆಸಿಫಿಕಾದ ಪ್ಲಗ್-ಇನ್ ಹೈಬ್ರಿಡ್ ಗಾಡಿಗಳು ಆಫ್ ಮಾಡಿ ನಿಲ್ಲಿಸಿದ್ದಾಗಲೂ ಬೆಂಕಿ ಹಿಡಿದದ್ದರಿಂದ, ರಿಪೇರಿ ಸಿದ್ಧವಾಗುವವರೆಗೆ ಚಾರ್ಜ್ ಮಾಡಬೇಡಿ, ಮನೆಯಿಂದ ದೂರ ನಿಲ್ಲಿಸಿ ಎಂದು ಕಂಪನಿಯೇ ಹೇಳಿತ್ತು.

ಇದೆಲ್ಲ ಅಲ್ಲಿನ ಮಾತಾಯಿತು, ಇಲ್ಲಿ ಇನ್ನೋವಾ, ಎರ್ಟಿಗಾ, ಕ್ಯಾರೆನ್ಸ್ ಇಟ್ಟುಕೊಂಡವರು ಏನು ಮಾಡಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ರಿಕಾಲ್ ಇಲ್ಲಿಯೂ ಇದೆ. ಬಿಡದಿಯಲ್ಲಿ ತಯಾರಾಗುವ ಇನ್ನೋವಾವನ್ನೇ 2014ರಲ್ಲಿ, 2005ರಿಂದ 2008ರ ನಡುವೆ ತಯಾರಾದ ಸುಮಾರು 45 ಸಾವಿರ ಗಾಡಿಗಳಷ್ಟು ಕರೆಸಿದ್ದರು. ಸ್ಟೀರಿಂಗ್ ಒಳಗಿನ ಸುರುಳಿ ಕೇಬಲ್ ಕೆಟ್ಟರೆ ಡ್ರೈವರ್ ಏರ್‌ಬ್ಯಾಗಿಗೆ ಸಂಪರ್ಕ ತಪ್ಪುತ್ತದೆ ಎಂಬುದು ಕಾರಣ. 2022ರಲ್ಲಿ ಏರ್‌ಬ್ಯಾಗ್ ನಿಯಂತ್ರಣದ ಸಾಫ್ಟ್‌ವೇರಿಗಾಗಿ 44,174 ಕಿಯಾ ಕ್ಯಾರೆನ್ಸ್, 2023ರಲ್ಲಿ ಸ್ಟೀರಿಂಗ್ ಟೈ ರಾಡಿಗಾಗಿ ಎಸ್-ಪ್ರೆಸ್ಸೊ ಮತ್ತು ಈಕೋ ಸೇರಿ 87,599 ಗಾಡಿಗಳು. ಈಕೋದಲ್ಲಿ ಎಷ್ಟು ಊರುಗಳ ಶಾಲೆ ಮಕ್ಕಳು ಓಡಾಡುತ್ತಾರೆ ಎಂದು ನೆನೆದರೆ ಟೈ ರಾಡಿನ ವಿಷಯ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಸರಳು ಅದು.

ಬಹಳ ಕಾಲ ಇದು ಕಂಪನಿಗಳ ಸ್ವಂತ ಇಚ್ಛೆಗೆ ಬಿಟ್ಟದ್ದಾಗಿತ್ತು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 110ಎ ಕಲಮು ಸೇರಿದ ಮೇಲೆ ರಿಕಾಲ್‌ಗೆ ಆಜ್ಞೆ ಮಾಡುವ ಅಧಿಕಾರ ಕೇಂದ್ರ ಸರಕಾರಕ್ಕೆ ಬಂತು. 2021ರ ಏಪ್ರಿಲ್ 1ರಿಂದ ನಿಯಮಗಳು ಜಾರಿಯಲ್ಲಿವೆ. ಏಳು ವರ್ಷದೊಳಗಿನ ಗಾಡಿಗಳಿಗೆ ಇದು ಅನ್ವಯ, ಕಂಪನಿಗೆ ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ಮಾಲೀಕರು ವಾಹನ್ ಪೋರ್ಟಲಿನಲ್ಲಿ ದೂರು ದಾಖಲಿಸಬಹುದು. ಆದರೆ ಇಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ: ಆ ಮಾದರಿ ವರ್ಷಕ್ಕೆ ಎಷ್ಟು ಮಾರಾಟವಾಗುತ್ತದೆ ಎಂಬುದಕ್ಕೆ ತಕ್ಕಂತೆ ಇಷ್ಟು ದೂರು ಬರಬೇಕೆಂದು ಮೊದಲೇ ಲೆಕ್ಕ ಗೊತ್ತುಮಾಡಿದ್ದಾರೆ. ವಿಂಡ್‌ಸ್ಟಾರ್ ತನಿಖೆಗೆ ಇನ್ನೂರು ಚಿಲ್ಲರೆ ದೂರು ಸಾಕಾಗಿದ್ದವು. ಹೆಚ್ಚು ಮಾರಾಟವಾಗುವ ಗಾಡಿಗೆ ನಮ್ಮಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಬೇಕು. ಜನ ದೂರು ಬರೆಸುವ ರೂಢಿಯೇ ಕಡಿಮೆ ಇರುವ ನಾಡಿನಲ್ಲಿ ಈ ಮಟ್ಟ ತೀರ ಎತ್ತರದ್ದು ಎಂದು ನನ್ನ ಅಭಿಪ್ರಾಯ. ಏಳು ವರ್ಷದ ಮಿತಿಯೂ ಸರಿಯಲ್ಲ. ನಮ್ಮಲ್ಲಿ ಇನ್ನೋವಾ ಹದಿನೈದು ವರ್ಷ ಓಡುತ್ತದೆ, ಟ್ಯಾಕ್ಸಿಯಾಗಿ ಲಕ್ಷಗಟ್ಟಲೆ ಕಿಲೋಮೀಟರು ತುಳಿಯುತ್ತದೆ.

ನಿಮ್ಮ ಗಾಡಿಯ 17 ಅಕ್ಷರಗಳ ಚಾಸಿಸ್ ನಂಬರು ಆರ್‌ಸಿಯಲ್ಲಿದೆ. ಹೆಚ್ಚಿನ ಕಂಪನಿಗಳ ವೆಬ್‌ಸೈಟಿನಲ್ಲಿ ಅದನ್ನು ಹಾಕಿ ರಿಕಾಲ್ ಇದೆಯೇ ನೋಡಬಹುದು. ಹಾಗೆ ನೋಡಲು ಬರದಿದ್ದರೆ ಷೋರೂಮಿಗೆ ಫೋನು ಮಾಡಿ ನಂಬರು ಓದಿ ಹೇಳಿದರೂ ನೋಡಿಕೊಡುತ್ತಾರೆ. ಸೆಕೆಂಡ್ ಹ್ಯಾಂಡ್ ಕೊಂಡಿದ್ದರೆ ನಿಮ್ಮ ಮೊಬೈಲ್ ನಂಬರನ್ನು ಕಂಪನಿಯ ದಾಖಲೆಯಲ್ಲಿ ಸೇರಿಸಲು ಅದೇ ಫೋನಿನಲ್ಲಿ ಹೇಳಿ, ಇಲ್ಲವಾದರೆ ಮುಂದಿನ ರಿಕಾಲ್‌ನ ಕರೆ ಹಳೇ ಮಾಲೀಕರಿಗೇ ಹೋಗುತ್ತದೆ.